ಚಾವಡಿಯ ಲೆಕ್ಕ ತೆರೆದಿರಲಿ, ಮನೆಯ ಕೀಲಿಕೈ ಅಲ್ಲ

ಸರ್ಕಾರದ ದತ್ತಾಂಶ ಸೋರಿಕೆಯಾಯಿತೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ನಿಲ್ಲುವುದು ಕತ್ತಲೆಯ ಕೋಣೆಯಲ್ಲಿ ಕುಳಿತು ಗುಪ್ತ ಸಂಕೇತಗಳನ್ನು ಭೇದಿಸುವ ಚತುರ ಹ್ಯಾಕರ್‌ನ ಚಿತ್ರ. ವಾಸ್ತವ ಇಷ್ಟೊಂದು ರೋಚಕವಾಗಿಲ್ಲ. ಕಳೆದ ಒಂದು ದಶಕದಲ್ಲಿ ಈ ದೇಶದ ಕೋಟ್ಯಂತರ ಬಡವರ ಹೆಸರು, ವಿಳಾಸ, ಆಧಾರ್ ಸಂಖ್ಯೆ ಹಾಗೂ ಬ್ಯಾಂಕ್ ಖಾತೆಯ ವಿವರಗಳು ಹೊರಬಿದ್ದದ್ದು ಯಾರೋ ಬೀಗ ಮುರಿದುದರಿಂದಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಏನಿದೆ ಎಂಬುದನ್ನು ಶೋಧಯಂತ್ರವೇ ಕೈಹಿಡಿದು ತೋರಿಸುವಂತಿತ್ತು. ಸರಿಯಾದ ಪ್ರಶ್ನೆ ಕೇಳಲು ಗೊತ್ತಿದ್ದವರಿಗೆ ಉತ್ತರ ಪುಕ್ಕಟೆಯಾಗಿ ದೊರೆಯುತ್ತಿತ್ತು.

ಇದು ಬೆಂಗಳೂರಿನ ತಂತ್ರಾಂಶ ತಜ್ಞರ ತಲೆನೋವು, ಹಳ್ಳಿಗೂ ಇದಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ಹಾಗೆನ್ನುವವರು ಗದಗ ಜಿಲ್ಲೆಯ ಗಜೇಂದ್ರಗಡ ತಾಲೂಕಿನ ಮುಶಿಗೇರಿಯ ಒಬ್ಬ ಒಣಬೇಸಾಯದ ರೈತನನ್ನು ಕಲ್ಪಿಸಿಕೊಳ್ಳಲಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ ಬಿತ್ತುವ ಎರೆಭೂಮಿಯ ರೈತ ಆತ. ಆತನ ಹೊಲದ ಉತಾರ ಭೂಮಿ ತಂತ್ರಾಂಶದಲ್ಲಿದೆ. ರೈತನೆಂಬ ಗುರುತು ಫ್ರೂಟ್ಸ್ ತಂತ್ರಾಂಶದಲ್ಲಿದೆ. ಬೆಳೆವಿಮೆಯ ಅರ್ಜಿ ಸಂರಕ್ಷಣೆ ಜಾಲತಾಣದಲ್ಲಿದೆ. ತಾಯಿಯ ವೃದ್ಧಾಪ್ಯ ವೇತನ, ಹೆಂಡತಿಯ ಗೃಹಲಕ್ಷ್ಮಿ, ಮನೆಯ ಪಡಿತರ ಚೀಟಿ, ಮಗಳ ವಿದ್ಯಾರ್ಥಿವೇತನ, ಉದ್ಯೋಗ ಖಾತರಿಯಲ್ಲಿ ದುಡಿದ ದಿನಗಳ ಹಾಜರಿ ಇವೆಲ್ಲವೂ ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಗಣಕಗಳಲ್ಲಿವೆ. ಬೆಂಗಳೂರಿನ ಶ್ರೀಮಂತನೊಬ್ಬ ವರಮಾನ ತೆರಿಗೆಗೆಂದು ಒಂದೆರಡು ಕಡೆ ವಿವರ ಕೊಟ್ಟು ಕೈತೊಳೆದುಕೊಂಡಾನು. ಸರ್ಕಾರದ ನೆರವಿಲ್ಲದೆ ವರ್ಷ ದಾಟಲಾಗದ ಮುಶಿಗೇರಿಯ ಕುಟುಂಬ ಹತ್ತಾರು ಕಡೆ ತನ್ನ ಬದುಕನ್ನೇ ಬರೆದುಕೊಡಬೇಕು. ಬಡವ ಹೆಚ್ಚು ದಾಖಲಾಗುತ್ತಾನೆ. ಆದ್ದರಿಂದಲೇ ಹೆಚ್ಚು ಬಯಲಾಗುತ್ತಾನೆ.

ಶೋಧಯಂತ್ರ ಕಾಣುವ ಜಗತ್ತು

ಶೋಧಯಂತ್ರ ಕೆಲಸ ಮಾಡುವ ಬಗೆಯನ್ನು ತುಸು ತಿಳಿದುಕೊಳ್ಳುವುದು ಒಳಿತು. ಗೂಗಲ್‌ನಂಥ ಸಂಸ್ಥೆಗಳ ತಂತ್ರಾಂಶಗಳು ಹಗಲಿರುಳೂ ಜಾಲದಿಂದ ಜಾಲಕ್ಕೆ ಜೇಡನಂತೆ ಹರಿದಾಡುತ್ತ, ಎದುರಾದ ಪುಟಗಳನ್ನೂ ಕಡತಗಳನ್ನೂ ಓದಿ ಸೂಚಿಯೊಂದನ್ನು ಸಿದ್ಧಪಡಿಸುತ್ತವೆ. ಆ ಜೇಡಕ್ಕೆ ಇದು ಸುತ್ತೋಲೆ, ಇದು ಫಲಾನುಭವಿಗಳ ಖಾಸಗಿ ಪಟ್ಟಿ ಎಂಬ ಭೇದ ತಿಳಿಯದು. ತಡೆಯುವ ಗೋಡೆ ಇಲ್ಲದಿದ್ದರೆ ಅದು ಒಳಗೆ ಹೋಗುತ್ತದೆ. ನಾವು ಸಾಮಾನ್ಯವಾಗಿ ಒಂದೆರಡು ಪದ ಬೆರಳಚ್ಚಿಸಿ ಹುಡುಕುತ್ತೇವೆ. ಆದರೆ ಇಂಥ ಜಾಲತಾಣದೊಳಗೆ ಮಾತ್ರ ಹುಡುಕು, ಲೆಕ್ಕದ ಹಾಳೆಯ ರೂಪದ ಕಡತಗಳನ್ನಷ್ಟೇ ತೋರಿಸು, ಶೀರ್ಷಿಕೆಯಲ್ಲಿ ಈ ಪದ ಇರುವುದನ್ನಷ್ಟೇ ಕೊಡು ಎಂದು ಷರತ್ತು ಹಾಕಿ ಹುಡುಕಲೂ ಅವಕಾಶವಿದೆ. ಗ್ರಂಥಪಾಲಕರು, ಪತ್ರಕರ್ತರು, ಸಂಶೋಧಕರು ನಿತ್ಯವೂ ಬಳಸುವ ನ್ಯಾಯಸಮ್ಮತ ಸೌಲಭ್ಯವಿದು.

ಇದೇ ಸೌಲಭ್ಯದಿಂದ ಮರೆಯಲ್ಲಿರಬೇಕಾದ ಕಡತಗಳನ್ನೂ ಹೊರಗೆಳೆಯಬಹುದೆಂದು 2000ರ ದಶಕದ ಆರಂಭದಲ್ಲೇ ಜಾನಿ ಲಾಂಗ್ ಎಂಬ ಅಮೆರಿಕದ ಭದ್ರತಾ ತಜ್ಞ ತೋರಿಸಿಕೊಟ್ಟ. ಅಂಥ ಹುಡುಕಾಟದ ಸೂತ್ರಗಳನ್ನು ಆತ ಸಂಗ್ರಹಿಸತೊಡಗಿದ ಮೇಲೆ ಅದಕ್ಕೆ ‘ಗೂಗಲ್ ಡಾರ್ಕಿಂಗ್’ ಎಂಬ ಹೆಸರೇ ನಿಂತಿತು. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಶೋಧಯಂತ್ರದ ಜೇಡಗಳಿಗೆ ‘ಇಲ್ಲಿಗೆ ಬರಬೇಡಿ’ ಎಂದು ಸೂಚಿಸುವ ಒಂದು ಪಠ್ಯಕಡತವನ್ನು ಜಾಲತಾಣಗಳಲ್ಲಿ ಇಡುವ ಪದ್ಧತಿ 1994ರಿಂದಲೂ ಇದೆ. ಮರ್ಯಾದಸ್ಥ ಜೇಡಗಳು ಅದನ್ನು ಪಾಲಿಸುತ್ತವೆ. ಆದರೆ ಆ ಕಡತವನ್ನು ಯಾರು ಬೇಕಾದರೂ ಓದಬಹುದು. ‘ಹಗೇವು ಇರುವುದು ಈ ಮೂಲೆಯಲ್ಲಿ, ಇತ್ತ ಬರಬೇಡಿ’ ಎಂದು ಅಂಗಳದಲ್ಲಿ ಫಲಕ ನೆಟ್ಟಂತೆ! ಫಲಕವನ್ನೇ ಬೀಗವೆಂದು ಭಾವಿಸಿದ ಕಚೇರಿಗಳಿಗೆ ಕೊರತೆಯಿಲ್ಲ.

ಕ್ಲೌಡ್ ಬಂದ ಮೇಲೆ ಸಮಸ್ಯೆಯ ಗಾತ್ರ ಹಿಗ್ಗಿತು. ಕ್ಲೌಡ್ ಎಂಬುದು ಆಕಾಶದಲ್ಲಿರುವ ಮೋಡವಲ್ಲ. ಬೇರೊಬ್ಬರ ಕಟ್ಟಡದಲ್ಲಿ ನಾವು ಬಾಡಿಗೆಗೆ ಹಿಡಿದ ಗೋದಾಮು. ಅಮೆಜಾನ್ ಸಂಸ್ಥೆ 2006ರ ಮಾರ್ಚ್‌ನಲ್ಲಿ ಆರಂಭಿಸಿದ ಸಂಗ್ರಹ ಸೇವೆಯಲ್ಲಿ ಇಂಥ ಪ್ರತಿಯೊಂದು ಕೋಣೆಗೂ ‘ಬಕೆಟ್’ ಎಂದು ಹೆಸರು. ಕಟ್ಟಡದ ಕಾವಲು ಮಾಲೀಕನದು. ಕೋಣೆಯ ಬಾಗಿಲಿಗೆ ಕೀಲಿ ಹಾಕುವುದು ಬಾಡಿಗೆದಾರನ ಹೊಣೆ. ಎಪಿಎಂಸಿ ಗೋದಾಮಿನಲ್ಲಿ ಕಡಲೆ ಚೀಲ ಇರಿಸಿದವನಿಗೆ ಈ ವ್ಯತ್ಯಾಸ ವಿವರಿಸಬೇಕಾಗಿಲ್ಲ. ಆದರೆ ಗುತ್ತಿಗೆಗೆ ತಂತ್ರಾಂಶ ಬರೆದುಕೊಡುವ ಅನೇಕರು ಪರೀಕ್ಷೆಯ ಅನುಕೂಲಕ್ಕೆಂದು ಬಾಗಿಲು ತೆರೆದಿಟ್ಟು, ಕೆಲಸ ಮುಗಿದ ಮೇಲೆ ಹಾಕಲು ಮರೆತದ್ದುಂಟು. 2017ರ ಜೂನ್‌ನಲ್ಲಿ ಅಮೆರಿಕದ 19.8 ಕೋಟಿ ಮತದಾರರ ವಿವರಗಳಿದ್ದ ಕೋಣೆಯೊಂದು ಯಾವ ಪ್ರವೇಶಪದವೂ ಇಲ್ಲದೆ ತೆರೆದಿದ್ದುದು ಬೆಳಕಿಗೆ ಬಂತು. ಅದನ್ನು ಇರಿಸಿದ್ದು ರಾಜಕೀಯ ಪಕ್ಷವೊಂದಕ್ಕೆ ದತ್ತಾಂಶ ವಿಶ್ಲೇಷಣೆ ಮಾಡಿಕೊಡುತ್ತಿದ್ದ ಖಾಸಗಿ ಕಂಪನಿ. ಹೊಸ ಕೋಣೆಗಳೆಲ್ಲಕ್ಕೂ ಸಾರ್ವಜನಿಕ ಪ್ರವೇಶ ತಾನಾಗಿಯೇ ನಿಷಿದ್ಧವಾಗಿರುವಂತೆ ಅಮೆಜಾನ್ ಬದಲಾವಣೆ ತಂದದ್ದು 2023ರ ಏಪ್ರಿಲ್‌ನಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮಗಷ್ಟೇ ಅನ್ವಯಿಸುವುದಿಲ್ಲ!

ನಮ್ಮದೇ ಅಂಗಳದ ಪ್ರಸಂಗಗಳು

2017ರ ಮೇ ತಿಂಗಳಲ್ಲಿ ಬೆಂಗಳೂರು ಮೂಲದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಒಂದು ಅಧ್ಯಯನ ವರದಿಯನ್ನು ಪ್ರಕಟಿಸಿತು. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ, ಉದ್ಯೋಗ ಖಾತರಿ ಯೋಜನೆ ಹಾಗೂ ಆಂಧ್ರಪ್ರದೇಶ ಸರ್ಕಾರದ ಎರಡು ಜಾಲತಾಣಗಳು, ಹೀಗೆ ಕೇವಲ ನಾಲ್ಕು ತಾಣಗಳಿಂದಲೇ 13 ಕೋಟಿಯಷ್ಟು ಆಧಾರ್ ಸಂಖ್ಯೆಗಳು ಹಾಗೂ 10 ಕೋಟಿಯಷ್ಟು ಬ್ಯಾಂಕ್ ಖಾತೆ ಸಂಖ್ಯೆಗಳು ಬಯಲಾಗಿರಬಹುದೆಂದು ಅದು ಅಂದಾಜು ಮಾಡಿತು. ಅಲ್ಲಿ ಯಾರೂ ಕನ್ನ ಕೊರೆದಿರಲಿಲ್ಲ. ಪಾರದರ್ಶಕತೆಯ ಹೆಸರಿನಲ್ಲಿ ಇಲಾಖೆಗಳೇ ಕೋಷ್ಟಕಗಳನ್ನು ಪ್ರಕಟಿಸಿದ್ದವು. ಅದೇ ವರ್ಷದ ನವೆಂಬರ್‌ನಲ್ಲಿ, ಮಾಹಿತಿ ಹಕ್ಕಿನಡಿ ಕೇಳಿದ ಪ್ರಶ್ನೆಗೆ ಉತ್ತರಿಸುತ್ತ, ಸುಮಾರು 210 ಸರ್ಕಾರಿ ಜಾಲತಾಣಗಳು ಫಲಾನುಭವಿಗಳ ಹೆಸರು, ವಿಳಾಸ ಹಾಗೂ ಆಧಾರ್ ಸಂಖ್ಯೆಯನ್ನು ಪ್ರದರ್ಶಿಸಿದ್ದವು ಎಂದು ವಿಶಿಷ್ಟ ಗುರುತು ಪ್ರಾಧಿಕಾರವೇ ಒಪ್ಪಿಕೊಂಡಿತು. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದೆಂದು 2016ರ ಆಧಾರ್ ಕಾಯ್ದೆಯ 29ನೇ ಕಲಮು ಸ್ಪಷ್ಟವಾಗಿ ಹೇಳಿದ ಮೇಲೂ ನಡೆದ ಸಂಗತಿಯಿದು.

2020ರ ಮಾರ್ಚ್‌ನಲ್ಲಿ ಕೊರೊನಾ ಭೀತಿಯ ಮೊದಲ ದಿನಗಳಲ್ಲಿ ನಮ್ಮ ರಾಜ್ಯ ಸರ್ಕಾರವೇ ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದ ಸಾವಿರಾರು ಮಂದಿಯ ವಿಳಾಸಗಳ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಿತು. ಉದ್ದೇಶ ಸಾರ್ವಜನಿಕ ಆರೋಗ್ಯವೇ ಇದ್ದೀತು. ಆದರೆ ಅಂಥ ಪಟ್ಟಿ ಒಮ್ಮೆ ಕೈದಾಟಿತೆಂದರೆ ಹಿಂತಿರುಗುವುದಿಲ್ಲ. ಅದೇ ವರ್ಷದ ಮೇ ಕೊನೆಯಲ್ಲಿ ವಿಪಿಎನ್‌ಮೆಂಟರ್ ಎಂಬ ಸಂಸ್ಥೆಯ ಸಂಶೋಧಕರು ಹಳ್ಳಿಗರಿಗೇ ನೇರವಾಗಿ ಸಂಬಂಧಿಸಿದ ಇನ್ನೊಂದು ಪ್ರಸಂಗವನ್ನು ಬಹಿರಂಗಪಡಿಸಿದರು. ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ ಸಣ್ಣ ವ್ಯಾಪಾರಿಗಳನ್ನೂ ರೈತರನ್ನೂ ಭೀಮ್ ಪಾವತಿ ವ್ಯವಸ್ಥೆಗೆ ಸೇರಿಸುವ ಅಭಿಯಾನಕ್ಕಾಗಿ ಸಂಗ್ರಹಿಸಿದ್ದ ಸುಮಾರು 72 ಲಕ್ಷ ದಾಖಲೆಗಳು, 409 ಗಿಗಾಬೈಟ್‌ನಷ್ಟು, ಅಮೆಜಾನ್‌ನ ತೆರೆದ ಬಕೆಟ್‌ನಲ್ಲಿದ್ದವು ಎಂಬುದು ಅವರ ವರದಿ. ಆಧಾರ್ ಚೀಟಿಯ ಚಿತ್ರ, ಜಾತಿ ಪ್ರಮಾಣಪತ್ರ, ವಾಸಸ್ಥಳದ ಪುರಾವೆ ಎಲ್ಲವೂ ಅಲ್ಲಿದ್ದವಂತೆ. ಭೀಮ್ ಆ್ಯಪ್‌ನಿಂದ ಯಾವ ಮಾಹಿತಿಯೂ ಸೋರಿಲ್ಲ ಎಂದು ರಾಷ್ಟ್ರೀಯ ಪಾವತಿ ನಿಗಮ ಸ್ಪಷ್ಟೀಕರಣ ನೀಡಿತು. ಅದು ನಿಜವೇ ಇರಬಹುದು. ಸಂಶೋಧಕರು ಬೊಟ್ಟು ಮಾಡಿದ್ದು ಆ್ಯಪ್‌ನತ್ತ ಅಲ್ಲ, ಅಭಿಯಾನದ ಜಾಲತಾಣ ಬಳಸುತ್ತಿದ್ದ ಗೋದಾಮಿನತ್ತ. ಏಪ್ರಿಲ್ 23ರಂದು ಅವರು ಕಂಡ ಆ ಬಾಗಿಲು ಮುಚ್ಚಿದ್ದು ಮೇ 22ರಂದು. ಒಂದು ತಿಂಗಳು!

ಹೆಬ್ಬೆಟ್ಟಿನ ಗುರುತು, ಹತ್ತು ಸಾವಿರದ ಗಂಟು

ಸೋರಿಕೆಯಿಂದ ನಷ್ಟವೇನು, ಹೆಸರು ವಿಳಾಸ ಊರಿಗೆಲ್ಲ ಗೊತ್ತಿರುವುದೇ ಅಲ್ಲವೇ ಎಂಬ ವಾದ ಆಡಳಿತ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಆ ವಾದಕ್ಕೆ 2023ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಘಟನೆಗಳು ಉತ್ತರ ಕೊಟ್ಟವು.

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದುದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು. ಎಟಿಎಂ ಕಾರ್ಡು ಬೇಡ, ಮೊಬೈಲಿಗೆ ಬರುವ ಒಟಿಪಿ ಬೇಡ. ಬ್ಯಾಂಕ್ ಶಾಖೆ ದೂರವಿರುವ, ಓದುಬರಹ ಬಾರದ ಗ್ರಾಮೀಣರಿಗೆ ಇದು ನಿಜಕ್ಕೂ ವರದಾನ. ವೃದ್ಧೆಯೊಬ್ಬಳು ತನ್ನ ಊರಿನಲ್ಲೇ ಹೆಬ್ಬೆಟ್ಟು ಒತ್ತಿ ಪಿಂಚಣಿ ಪಡೆಯುವುದು ಸಣ್ಣ ಸಾಧನೆಯಲ್ಲ. ಆದರೆ ಇದೇ ಮೂರು ಸಂಗತಿಗಳು ಒಂದೇ ಹಾಳೆಯಲ್ಲಿ ದೊರೆತರೆ? ಆಸ್ತಿಯ ಖರೀದಿ ಪತ್ರದಲ್ಲಿ ಕೊಟ್ಟವನ, ಕೊಂಡವನ, ಸಾಕ್ಷಿಗಳ ಬೆರಳಚ್ಚು ಇರುತ್ತದೆ. ಜೊತೆಗೆ ಲಗತ್ತಿಸಿದ ಆಧಾರ್ ಪ್ರತಿ ಇರುತ್ತದೆ. ಹಣ ಪಾವತಿಯಾದ ಬ್ಯಾಂಕಿನ ಹೆಸರೂ ಇರುತ್ತದೆ. ನೋಂದಣಿಯಾದ ಪತ್ರ ಸಾರ್ವಜನಿಕ ದಾಖಲೆ. ನಿಗದಿತ ಶುಲ್ಕ ಕಟ್ಟಿ ಪ್ರತಿ ಪಡೆಯಬಹುದು.

2023ರಲ್ಲಿ ರಾಜ್ಯದಾದ್ಯಂತ ಕಾವೇರಿ-2 ತಂತ್ರಾಂಶ ಜಾರಿಗೆ ಬಂದು ಆಸ್ತಿ ನೋಂದಣಿ ಸುಲಭವಾಯಿತು. ಅದೇ ವರ್ಷದ ಮಳೆಗಾಲ ಕಳೆಯುತ್ತಿದ್ದಂತೆ ಬೆಂಗಳೂರು, ಮಂಗಳೂರು ಮುಂತಾದೆಡೆ ಜನ ಪೊಲೀಸರ ಬಳಿ ಓಡತೊಡಗಿದರು. ಇತ್ತೀಚೆಗೆ ಉಪನೋಂದಣಿ ಕಚೇರಿಗೆ ಹೋಗಿ ಬಂದದ್ದು, ಆ ಬಳಿಕ ಯಾವ ಒಟಿಪಿಯನ್ನೂ ಹಂಚಿಕೊಳ್ಳದೆ ಖಾತೆಯಿಂದ ಹಣ ಮಾಯವಾದದ್ದು ಅನೇಕ ದೂರುಗಳಲ್ಲಿ ಸಮಾನವಾಗಿದ್ದ ಅಂಶ. ಒಂದು ಸಲಕ್ಕೆ ತೆಗೆಯಬಹುದಾದ ಮಿತಿ 10,000 ರೂಪಾಯಿ. ಖಾತೆಗಳಿಂದ ಹೋಗುತ್ತಿದ್ದುದೂ ಅಂಥ ಗಂಟುಗಳಲ್ಲೇ. ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಬಂಧಿಸಿದರು. ಜಾಲತಾಣದಿಂದ ಪಡೆಯುವ ಪತ್ರಗಳಲ್ಲಿ ಬೆರಳಚ್ಚು ಹಾಗೂ ಆಧಾರ್ ಸಂಖ್ಯೆ ಕಾಣದಂತೆ ಮರೆಮಾಡುವ ಕ್ರಮವನ್ನು ನೋಂದಣಿ ಇಲಾಖೆ ಬಳಿಕ ಕೈಗೊಂಡಿತು.

ಈ ಅಪಾಯದ ಎಚ್ಚರಿಕೆ ಮೊದಲೇ ಇರಲಿಲ್ಲವೇ? ಇತ್ತು. 2018ರಲ್ಲೇ ನೆರೆಯ ತೆಲಂಗಾಣದ ಪೆದ್ದಪಲ್ಲಿಯಲ್ಲಿ ಸಿಮ್ ಕಾರ್ಡ್ ಮಾರುವ ವ್ಯಕ್ತಿಯೊಬ್ಬ ಅಲ್ಲಿನ ನೋಂದಣಿ ಇಲಾಖೆಯ ಜಾಲತಾಣದಿಂದ ಭೂದಾಖಲೆಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳಿಂದ ರಬ್ಬರ್ ಅಚ್ಚು ತಯಾರಿಸಿ, ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ್ದು ಪತ್ತೆಯಾಗಿತ್ತು. ನೆರೆಮನೆಗೆ ಬಿದ್ದ ಬೆಂಕಿ ನಮಗೆ ಪಾಠವಾಗಲು ಐದು ವರ್ಷ ಬೇಕಾಯಿತು. ಪ್ರವೇಶಪದ ಸೋರಿದರೆ ಬದಲಿಸಬಹುದು, ಖಾತೆ ಸಂಖ್ಯೆಯನ್ನೂ ಬದಲಿಸಬಹುದು. ಹೆಬ್ಬೆರಳನ್ನು ಬದಲಿಸುವುದು ಹೇಗೆ?

ಬೆಂಗಳೂರಿನಲ್ಲಿ ಹಣ ಕಳೆದುಕೊಂಡವನಿಗೆ ಮೊಬೈಲ್ ಸಂದೇಶ ಬಂತು, ಠಾಣೆ ಹತ್ತಿರವಿತ್ತು, ಪತ್ರಿಕೆಗೆ ಸುದ್ದಿಯಾಯಿತು. ಹಳ್ಳಿಯ ಸ್ಥಿತಿ ಹಾಗಲ್ಲ. ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ಗುಳೆ ಹೋದ ಮಗನ ಜೇಬಿನಲ್ಲಿರುತ್ತದೆ. ಪಾಸ್‌ಬುಕ್ ಬರೆಸುವುದು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ. ಅನಧಿಕೃತ ವಹಿವಾಟನ್ನು ಗ್ರಾಹಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ಮೂರನೆಯವರ ಲೋಪದಿಂದಾದ ನಷ್ಟಕ್ಕೆ ಆತನ ಹೊಣೆ ಸೊನ್ನೆ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತು. ನಷ್ಟವಾಯಿತೆಂದು ತಿಳಿಯುವುದೇ ಎರಡು ತಿಂಗಳಿಗೆ ಎಂಬಲ್ಲಿ ಮೂರು ದಿನದ ಈ ರಕ್ಷಣೆ ಯಾರಿಗೆ ದಕ್ಕೀತು?

ಲೆಕ್ಕ ಬೇರೆ, ಕೀಲಿಕೈ ಬೇರೆ

ಹಾಗಾದರೆ ಎಲ್ಲ ಜಾಲತಾಣಗಳನ್ನೂ ಮುಚ್ಚಿಬಿಡೋಣವೇ? ಇಲ್ಲಿಯೇ ಎಚ್ಚರ ಬೇಕು. ದಾಖಲೆಗಳು ಜನರೆದುರು ತೆರೆದದ್ದು ಹೋರಾಟದ ಫಲ. 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗರು ಹಾಜರಿಪಟ್ಟಿಯನ್ನು ಬಹಿರಂಗ ಸಭೆಯಲ್ಲಿ ಓದಿಸಿದಾಗ ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಬಯಲಾಯಿತು. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತು. 2005ರಲ್ಲಿ ಕೇಂದ್ರದ ಕಾಯ್ದೆ ಬಂತು. ಸುಮಾರು 2 ಕೋಟಿ ಉತಾರಗಳನ್ನು ಗಣಕಕ್ಕೆ ತಂದ ಭೂಮಿ ಯೋಜನೆಯಿಂದಾಗಿ 67 ಲಕ್ಷ ರೈತರು ತಲಾಟಿಯ ಕೃಪೆಗೆ ಕಾಯುವುದು ತಪ್ಪಿತು. ಆರಂಭದಲ್ಲಿ 15 ರೂಪಾಯಿಗೆ ಉತಾರ ಕೈಗೆ ಬಂತು. ಕಾಗದ ಕಪಾಟಿನಲ್ಲಿದ್ದಾಗ ಅದರ ಕೀಲಿಕೈ ಇದ್ದವನೇ ಊರಿನ ಒಡೆಯ ಎಂಬುದನ್ನು ಕಂದಾಯ ಆಡಳಿತವನ್ನು ಹತ್ತಿರದಿಂದ ಬಲ್ಲವರು ಮರೆಯಲಾರರು.

ಆದ್ದರಿಂದ ಗೆರೆ ಎಳೆಯಬೇಕಾದುದು ತೆರೆದದ್ದು ಮತ್ತು ಮುಚ್ಚಿದ್ದರ ನಡುವೆ ಅಲ್ಲ. ಸರ್ಕಾರದ ಲೆಕ್ಕ ಮತ್ತು ಪ್ರಜೆಯ ಕೀಲಿಕೈಗಳ ನಡುವೆ. ಯಾರಿಗೆ, ಯಾವ ಬಾಬ್ತಿನಲ್ಲಿ, ಎಷ್ಟು ಹಣ ಸಂದಾಯವಾಯಿತು ಎಂಬುದು ಸಾರ್ವಜನಿಕ ಲೆಕ್ಕ. ಅದು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೂ ಇರಲಿ, ಜಾಲತಾಣದಲ್ಲೂ ಇರಲಿ. ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಬೆರಳಚ್ಚು, ಮೊಬೈಲ್ ಸಂಖ್ಯೆ ಇವು ಹಣ ತಲುಪಿಸಲು ಬೇಕಾದ ಸಾಧನಗಳು ಮಾತ್ರ. ಅವುಗಳನ್ನು ನೋಡಿ ಯಾವ ನಾಗರಿಕನೂ ಭ್ರಷ್ಟಾಚಾರ ಪತ್ತೆಹಚ್ಚಲಾರ. ಕಳ್ಳ ಮಾತ್ರ ಪ್ರಯೋಜನ ಪಡೆದಾನು.

ದುರ್ದೈವವೆಂದರೆ ನಮ್ಮ ಕಾನೂನು ಈ ಗೆರೆಯನ್ನು ಬೇರೆಡೆ ಎಳೆಯುತ್ತಿದೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಹೊಮ್ಮಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದರ ಫಲವಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಕಾಯ್ದೆಯ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಆ ದಿನದಿಂದ 18 ತಿಂಗಳ ಗಡುವು ನೀಡಲಾಯಿತು. ಆದರೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಕಾರಣವೊಂದರಿಂದಲೇ ಅರ್ಜಿ ನಿರಾಕರಿಸಲು ಅನುವು ಮಾಡಿಕೊಡುವ ಭಾಗ ತಕ್ಷಣವೇ ಜಾರಿಯಾಯಿತು. ಅಂದರೆ ಕಚೇರಿಗೆ ಲೆಕ್ಕ ಮುಚ್ಚುವ ಅಧಿಕಾರ ಮೊದಲು ಬಂತು. ಕೀಲಿಕೈ ಕಾಯುವ ಹೊಣೆಗೆ ಕಾಲಾವಕಾಶ ದೊರೆಯಿತು.

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಲೋಪ ಎದ್ದು ಕಾಣುತ್ತದೆ. ಕಾರ್ಖಾನೆಯೊಂದು ಹೊಳೆಗೆ ಕೊಳೆ ಬಿಟ್ಟಾಗ ಲಾಭ ಮಾಲೀಕನಿಗೆ, ನಷ್ಟ ಕೆಳಗಿನ ಊರಿನವರಿಗೆ. ಇದನ್ನು ಬಾಹ್ಯ ಪರಿಣಾಮ ಎನ್ನುತ್ತೇವೆ. ದತ್ತಾಂಶದ ಸೋರಿಕೆಯೂ ಅಂಥದ್ದೇ. ಬಾಗಿಲು ಹಾಕಲು ತಗಲುವ ಶ್ರಮ ಇಲಾಖೆಯದು ಅಥವಾ ಗುತ್ತಿಗೆದಾರನದು. ಹಾಕದಿದ್ದರೆ ಆಗುವ ನಷ್ಟ ಮುಶಿಗೇರಿಯ ರೈತನದು. ನಷ್ಟ ಅನುಭವಿಸದವನಿಗೆ ಎಚ್ಚರ ವಹಿಸುವ ಪ್ರೇರಣೆ ಎಲ್ಲಿಂದ ಬರಬೇಕು? ಹೊಸ ಕಾಯ್ದೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದೆಂದು ಹೇಳುತ್ತದೆ. ಆದರೆ ಆ ದಂಡ ಸೇರುವುದು ಭಾರತದ ಸಂಚಿತ ನಿಧಿಗೆ. ನೊಂದವನಿಗೆ ಪರಿಹಾರ ಕೊಡಿಸಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ 43ಎ ಕಲಮನ್ನು ಕೈಬಿಡಲು ಇದೇ ಕಾಯ್ದೆ ಅವಕಾಶ ಕಲ್ಪಿಸಿದೆ. ಸರ್ಕಾರಿ ಇಲಾಖೆಯೇ ತಪ್ಪಿತಸ್ಥನಾದರೆ ದಂಡ ಒಂದು ಸರ್ಕಾರಿ ಲೆಕ್ಕಶೀರ್ಷಿಕೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ ಅಷ್ಟೆ. ಎರಡೂ ತೆರಿಗೆದಾರನ ಹಣವೇ.

ಬಾಗಿಲು ತೆರೆದಿದೆ ಎಂದವನೇ ಅಪರಾಧಿಯೇ?

ತೆರೆದ ಬಾಗಿಲನ್ನು ಮೊದಲು ಕಾಣುವವರು ಸಾಮಾನ್ಯವಾಗಿ ಹೊರಗಿನವರು: ವಿದ್ಯಾರ್ಥಿಗಳು, ಸಂಶೋಧಕರು, ಪತ್ರಕರ್ತರು. ಅವರೊಡನೆ ನಮ್ಮ ವ್ಯವಸ್ಥೆ ನಡೆದುಕೊಂಡ ರೀತಿ ಹೆಮ್ಮೆಪಡುವಂಥದ್ದಲ್ಲ. 2017ರ ವರದಿಯ ಬಳಿಕ ಬೆಂಗಳೂರಿನ ಆ ಅಧ್ಯಯನ ಸಂಸ್ಥೆಗೆ ಪ್ರಾಧಿಕಾರದಿಂದ ವಿವರಣೆ ಕೇಳುವ ಪತ್ರ ಹೋಯಿತು. 2018ರ ಜನವರಿಯಲ್ಲಿ 500 ರೂಪಾಯಿಗೆ ಆಧಾರ್ ವಿವರಗಳ ಪ್ರವೇಶ ಸಿಗುತ್ತಿದೆ ಎಂದು ಬರೆದ ‘ದಿ ಟ್ರಿಬ್ಯೂನ್’ ಪತ್ರಿಕೆಯ ವರದಿಗಾರ್ತಿಯ ಹೆಸರು ಪೊಲೀಸ್ ದೂರಿನಲ್ಲಿ ಕಾಣಿಸಿಕೊಂಡಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳ ಪ್ರಕಾರ, ಮಾಲೀಕನ ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸುವುದು, ದುರುದ್ದೇಶವಿದ್ದರೆ, ಮೂರು ವರ್ಷದವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧ. ಶೋಧಯಂತ್ರ ತೋರಿಸಿದ ಕೊಂಡಿಯನ್ನು ಒತ್ತುವುದು ಪ್ರವೇಶವೇ, ಅಲ್ಲವೇ? ಈ ಅಸ್ಪಷ್ಟತೆಗೆ ಹೆದರಿ ಪ್ರಾಮಾಣಿಕರು ಸುಮ್ಮನಾಗುತ್ತಾರೆ. ಅಪ್ರಾಮಾಣಿಕರಿಗೆ ಆ ಹೆದರಿಕೆಯಿಲ್ಲ.

ಹಾಗೆಂದು ಕಂಡ ಕಡತವನ್ನೆಲ್ಲ ಇಳಿಸಿಕೊಂಡು ಹಂಚಲು ಯಾರಿಗೂ ಪರವಾನಗಿ ಕೊಡಬೇಕಾಗಿಲ್ಲ. ನೆರೆಮನೆಯ ಬಾಗಿಲು ತೆರೆದಿದ್ದರೆ ಕೂಗಿ ಹೇಳುವುದು ಸಜ್ಜನಿಕೆ, ಒಳಹೊಕ್ಕು ಪೆಟ್ಟಿಗೆ ತೆರೆಯುವುದು ಕಳ್ಳತನ. ನೆದರ್‌ಲ್ಯಾಂಡ್ಸ್ 2013ರಲ್ಲೇ ಇಂಥ ಜವಾಬ್ದಾರಿಯುತ ವರದಿಗೆ ಮಾರ್ಗಸೂಚಿ ರೂಪಿಸಿತು. ಸದುದ್ದೇಶದ ಭದ್ರತಾ ಸಂಶೋಧನೆಯ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂದು ಅಮೆರಿಕದ ನ್ಯಾಯ ಇಲಾಖೆ 2022ರ ಮೇ ತಿಂಗಳಲ್ಲಿ ಪ್ರಕಟಿಸಿತು. ನಮ್ಮಲ್ಲೂ 2004ರಿಂದ ಕಾರ್ಯನಿರ್ವಹಿಸುತ್ತಿರುವ ಸರ್ಟ್-ಇನ್ ಸಂಸ್ಥೆ ಇಂಥ ದೂರುಗಳನ್ನು ಸ್ವೀಕರಿಸುತ್ತದೆ. ದೂರು ಕೊಟ್ಟವನಿಗೆ ಕಾನೂನಿನ ಅಭಯವನ್ನೂ ಬರೆದುಕೊಡುವುದಷ್ಟೇ ಬಾಕಿ.

ಮಾಡಬಹುದಾದುದು

ಪರಿಹಾರಕ್ಕೆ ದೊಡ್ಡ ಹಣ ಬೇಕಿಲ್ಲ. ಮೊದಲನೆಯದಾಗಿ, ಕಳ್ಳ ಕೇಳುವ ಪ್ರಶ್ನೆಯನ್ನು ಕಚೇರಿಯೇ ಮೊದಲು ಕೇಳಿಕೊಳ್ಳಲಿ. ಪ್ರತಿಯೊಂದು ಇಲಾಖೆ, ಜಿಲ್ಲಾ ಪಂಚಾಯಿತಿ, ನಗರಸಭೆ ತಿಂಗಳಿಗೊಮ್ಮೆ ತನ್ನದೇ ಜಾಲತಾಣವನ್ನು ಷರತ್ತುಬದ್ಧ ಶೋಧದಿಂದ ತಪಾಸಣೆ ಮಾಡಲಿ. ತನ್ನ ಹೆಸರಿನಲ್ಲಿರುವ ಕ್ಲೌಡ್ ಕೋಣೆಗಳ ಪಟ್ಟಿ ಇಟ್ಟುಕೊಳ್ಳಲಿ. ಖಜಾನೆಯ ನಗದು ತಪಾಸಣೆಗೆ ದಿನಾಂಕ ಗೊತ್ತುಮಾಡಿ ಸಹಿ ಪಡೆಯುವ ಆಡಳಿತಕ್ಕೆ ಇದು ಹೊಸ ವಿದ್ಯೆಯೇನಲ್ಲ. ಸಹಿ ಹಾಕುವ ಅಧಿಕಾರಿಯ ಹುದ್ದೆ ಗೊತ್ತಾಗಿರಬೇಕು; ‘ತಂತ್ರಾಂಶದವರು ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಸಲ್ಲದು.

ಎರಡನೆಯದಾಗಿ, ತಂತ್ರಾಂಶದ ಗುತ್ತಿಗೆ ಕರಾರಿನಲ್ಲೇ ಸೋರಿಕೆಗೆ ಬೆಲೆ ಕಟ್ಟಬೇಕು. ರಸ್ತೆ ಗುತ್ತಿಗೆದಾರನಿಂದ ದೋಷ ಹೊಣೆಗಾರಿಕೆಯ ಅವಧಿಗೆ ಠೇವಣಿ ಹಿಡಿದಿಡುವಂತೆ ಇಲ್ಲೂ ಹಿಡಿದಿಡಲಿ. ನೊಂದವರ ಪರಿಹಾರ ಆ ಠೇವಣಿಯಿಂದಲೇ ಸಲ್ಲಲಿ.

ಮೂರನೆಯದಾಗಿ, ಸೋರಿಕೆಯಾದಾಗ ಸಂಬಂಧಪಟ್ಟವರಿಗೆ ಅವರ ಭಾಷೆಯಲ್ಲಿ, ಅವರಿಗೆ ಮುಟ್ಟುವ ಬಗೆಯಲ್ಲಿ ತಿಳಿಸಬೇಕು. ಇ-ಮೇಲ್ ಕಳಿಸಿದರೆ ಹಳ್ಳಿಗೆ ತಲುಪದು. ಗ್ರಾಮಸಭೆಯಲ್ಲಿ ಓದಲಿ, ಪಂಚಾಯಿತಿ ಫಲಕದಲ್ಲಿ ಅಂಟಿಸಲಿ, ಅಗತ್ಯವಿದ್ದರೆ ಡಂಗುರ ಸಾರಲಿ. ಆಧಾರ್‌ನ ಬೆರಳಚ್ಚು ದೃಢೀಕರಣಕ್ಕೆ ಕೀಲಿ ಹಾಕಿಡುವ ಸೌಲಭ್ಯ ಇದೆ; ಆಧಾರ್ ಆ್ಯಪ್ ಇಲ್ಲವೇ ಜಾಲತಾಣದಲ್ಲಿ ಅದನ್ನು ಮಾಡಿಕೊಳ್ಳಬಹುದು. ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮುಸುಕಿದ ಆಧಾರ್ ಪ್ರತಿಯೂ ದೊರೆಯುತ್ತದೆ. ಈ ಎರಡು ಸಂಗತಿಗಳನ್ನು ಗ್ರಾಮ ಒನ್ ಕೇಂದ್ರದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಲು ಎಷ್ಟು ಖರ್ಚಾದೀತು? ಹಣ ಹೋದೊಡನೆ ಕರೆ ಮಾಡಬೇಕಾದ 1930 ಎಂಬ ಸಂಖ್ಯೆಯನ್ನೂ ಅದರ ಕೆಳಗೆ ಬರೆಸಲಿ.

ನಾಲ್ಕನೆಯದಾಗಿ, ಚಿಕ್ಕ ರೂಢಿಗಳನ್ನು ತಿದ್ದಿಕೊಳ್ಳಬೇಕು. ಫಲಾನುಭವಿಗಳ ಪಟ್ಟಿಯನ್ನು ಖಾತೆ ಸಂಖ್ಯೆಗಳ ಸಮೇತ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ‘ಕೊಂಡಿ ಇದ್ದ ಯಾರೂ ನೋಡಬಹುದು’ ಎಂಬ ಷರತ್ತಿನಲ್ಲಿ ಗೂಗಲ್ ಹಾಳೆ ಹಂಚುವುದು, ಜೆರಾಕ್ಸ್ ಅಂಗಡಿಯ ಗಣಕದಲ್ಲಿ ಊರಿನವರ ಆಧಾರ್ ಪ್ರತಿಗಳನ್ನು ಹಾಗೆಯೇ ಬಿಟ್ಟುಬರುವುದು ಇವೆಲ್ಲ ದುರುದ್ದೇಶದಿಂದ ನಡೆಯುವಂಥವಲ್ಲ. ಆದರೆ ಪರಿಣಾಮ ಉದ್ದೇಶವನ್ನು ನೋಡಿ ಬರುವುದಿಲ್ಲ.

ಈಗ ತಡಮಾಡುವಂತಿಲ್ಲ ಎನ್ನಲು ಕಾರಣವಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಅದರ ಸಮಾನ ತಂತ್ರಾಂಶ ಕ್ಲೌಡ್ ಆಧಾರಿತ. ಹಳ್ಳಿಯ ಸಂಘದ ಖಿರ್ದಿ ಪುಸ್ತಕ, ಯಾರ ಸಾಲ ಎಷ್ಟು, ಯಾರದು ಸುಸ್ತಿ ಎಂಬ ವಿವರ ಎಲ್ಲವೂ ದೂರದ ಗೋದಾಮು ಸೇರಲಿವೆ. ಮುಶಿಗೇರಿ ಇರುವ ಗದಗ ಜಿಲ್ಲೆಯಲ್ಲೇ, ಕಣಗಿನಹಾಳದಲ್ಲಿ, 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮಾದರಿಯಾದ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಬಡ್ಡಿ ವ್ಯವಹಾರದ ಹಿಡಿತದಲ್ಲಿದ್ದ ರೈತ ತನ್ನ ಉಳಿತಾಯವನ್ನು ಸಂಘಕ್ಕೆ ಒಪ್ಪಿಸಿದ್ದು ಯಾವ ಕಾಯ್ದೆಯ ಬಲದಿಂದಲೂ ಅಲ್ಲ, ಲೆಕ್ಕ ತೆರೆದಿರುತ್ತದೆ, ಪೆಟ್ಟಿಗೆ ಮುಚ್ಚಿರುತ್ತದೆ ಎಂಬ ನಂಬಿಕೆಯಿಂದ. ಗಣಕೀಕರಣ ಮಾಡುವ ಸರ್ಕಾರಕ್ಕೂ ಅದೇ ನಂಬಿಕೆಯೇ ಬಂಡವಾಳ. ಅದು ಕರಗಿದರೆ ಜನ ವಿವರ ಕೊಡಲು ಹಿಂಜರಿಯುತ್ತಾರೆ. ಹಿಂಜರಿದವರಿಗೆ ನೆರವು ತಪ್ಪುತ್ತದೆ. ಆ ಹೊರೆಯೂ ಕೊನೆಗೆ ಬಡವನ ಹೆಗಲಿಗೇ ಬೀಳುತ್ತದೆ.

ಸೌಲಭ್ಯ ಬೇಕೆಂದರೆ ಹೆಬ್ಬೆಟ್ಟು ಒತ್ತು ಎಂದು ಸರ್ಕಾರ ಪ್ರಜೆಗೆ ಹೇಳುತ್ತದೆ. ಆತ ಮರುಮಾತಿಲ್ಲದೆ ಒತ್ತುತ್ತಾನೆ. ಒತ್ತಿಸಿಕೊಂಡ ಗುರುತನ್ನು ಕಾಪಾಡುತ್ತೇನೆ, ಕಾಪಾಡಲಾಗದಿದ್ದರೆ ನಷ್ಟ ಕಟ್ಟಿಕೊಡುತ್ತೇನೆ ಎಂದು ಸರ್ಕಾರವೂ ಬರೆದುಕೊಡಲಿ. ಕರಾರು ಎಂದ ಮೇಲೆ ಎರಡೂ ಕಡೆಯ ರುಜು ಇರಬೇಕು.